ಒಡೆದರೂ ಹಾರದ ಗೋಡೆ

ಒತ್ತಡದ ಪಾಠ ಹೇಳುವಾಗ ನಾವು ತರಗತಿಯಲ್ಲಿ ಒಂದು ಪ್ರಶ್ನೆ ಹಾಕುವುದುಂಟು. ಸ್ಫೋಟದ ಹೊಡೆತವನ್ನು ಹೆಚ್ಚು ತಾಳಬಲ್ಲುದು ಯಾವುದು? ಎಂಟು ಅಂಗುಲ ದಪ್ಪದ ಸಿಮೆಂಟು ಬ್ಲಾಕಿನ ಗೋಡೆಯೋ, ಅದರ ಮರೆಯಲ್ಲಿ ಕುಳಿತ ಮನುಷ್ಯನೋ? ವಿದ್ಯಾರ್ಥಿಗಳಲ್ಲಿ ಹೆಚ್ಚು ಮಂದಿ ಗೋಡೆಯ ಕಡೆಗೇ ಮತ ಕೊಡುತ್ತಾರೆ. ಮನುಷ್ಯನ ಮೈ ಮಾಂಸದ ಮುದ್ದೆ, ಗೋಡೆಯಾದರೋ ಕಲ್ಲಿನಂತಹುದು ಎಂಬುದು ಅವರ ವಾದ. ಆದರೆ ಅಳತೆಗಳು ಹೇಳುವ ಮಾತು ಇದಕ್ಕೆ ವಿರುದ್ಧವಾಗಿದೆ. ಒಳಗೆ ಉಕ್ಕಿನ ಸರಳುಗಳಿಲ್ಲದ ಬ್ಲಾಕಿನ ಗೋಡೆ ೧೦ರಿಂದ ೪೦ ಕಿಲೋಪಾಸ್ಕಲ್‌ನಷ್ಟು ಹೆಚ್ಚುವರಿ ಒತ್ತಡಕ್ಕೇ ಚೂರುಚೂರಾಗುತ್ತದೆ. ಮನುಷ್ಯನ ಕಿವಿಯ ತಮಟೆ ಹರಿಯಲು ಸುಮಾರು ೩೫ ಕಿಲೋಪಾಸ್ಕಲ್ ಬೇಕು. ಶ್ವಾಸಕೋಶಕ್ಕೆ ಅಪಾಯವೊದಗಲು ಅದರ ಎರಡು ಮೂರು ಪಟ್ಟು ಬೇಕು. ಬಹುಮಟ್ಟಿಗೆ ನೀರಿನಿಂದಲೇ ಆದ ನಮ್ಮ ಶರೀರ ಒತ್ತಡಕ್ಕೆ ಬಗ್ಗಿ, ಮತ್ತೆ ಮೊದಲಿನಂತಾಗುತ್ತದೆ. ಗೋಡೆಗೆ ಬಗ್ಗುವುದು ಗೊತ್ತಿಲ್ಲ.

ಆದುದರಿಂದ, ಸ್ಫೋಟದ ಅಲೆ ತಾನೇ ಕೊಲ್ಲಲಾರದಷ್ಟು ದೂರದಲ್ಲಿಯೂ ಗೋಡೆ ಒಡೆಯುತ್ತದೆ. ಅದರ ತುಂಡುಗಳು ಒಳಗಿದ್ದವರ ಮೇಲೆ ಎರಗುತ್ತವೆ. ಗಾಳಿ ಮಳೆಗಳಿಂದ ಕಾಪಾಡಲೆಂದು ಕಟ್ಟಿಕೊಂಡ ಗೋಡೆಯೇ ಆ ಗಳಿಗೆಯಲ್ಲಿ ಆಯುಧವಾಗಿ ಪರಿಣಮಿಸುತ್ತದೆ. ಇದನ್ನು ತಡೆಯಲು ಕಳೆದ ಮೂವತ್ತು ವರ್ಷಗಳಲ್ಲಿ ಎಂಜಿನಿಯರುಗಳು ಕಂಡುಕೊಂಡ ಉಪಾಯವೊಂದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಲೋಕದ ಗಮನವನ್ನು ಈ ಸಮಸ್ಯೆಯ ಕಡೆಗೆ ಬಲವಾಗಿ ಸೆಳೆದದ್ದು ಅಮೆರಿಕದ ಓಕ್ಲಹೋಮ ನಗರದಲ್ಲಿ ನಡೆದ ದುರಂತ. ೧೯೯೫ನೆಯ ಇಸವಿ ಏಪ್ರಿಲ್ ೧೯ರಂದು, ಬೆಳಿಗ್ಗೆ ೯ ಗಂಟೆ ೨ ನಿಮಿಷಕ್ಕೆ, ಆಲ್ಫ್ರೆಡ್ ಪಿ. ಮರ್ರಾ ಕಟ್ಟಡವೆಂಬ ಒಂಬತ್ತು ಅಂತಸ್ತಿನ ಸರ್ಕಾರಿ ಕಚೇರಿಯ ಮುಂದೆ, ಬೀದಿಯ ಅಂಚಿನಲ್ಲಿ ನಿಂತಿದ್ದ ಲಾರಿಯೊಂದು ಸಿಡಿಯಿತು. ಅದರಲ್ಲಿದ್ದ ಸ್ಫೋಟಕ ಎರಡು ಟನ್ನಿಗೂ ಮಿಗಿಲು. ೧೬೮ ಮಂದಿ ಮಡಿದರು. ಅವರಲ್ಲಿ ೧೯ ಮಂದಿ ಮಕ್ಕಳು. ಹೀಗೆ ಮಡಿದವರಲ್ಲಿ ಬಹುಪಾಲು ಜನ ಕಂಬಗಳು ಮುರಿದು ಕುಸಿದ ಭಾಗದಲ್ಲಿ ಸಿಕ್ಕಿಬಿದ್ದವರು. ಸುತ್ತಮುತ್ತಲಿನ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳಿಗೆ ಹಾನಿ ತಟ್ಟಿತು. ಅಲ್ಲಿದ್ದವರನ್ನು ಗಾಯಗೊಳಿಸಿದ್ದು ಮುಖ್ಯವಾಗಿ ಹಾರಿಬಂದ ಗಾಜು ಮತ್ತು ಕಟ್ಟಡದ ಚೂರುಗಳು. ಮರುವರ್ಷ ಜೂನ್ ೨೫ರಂದು ಸೌದಿ ಅರೇಬಿಯದ ಖೋಬರ್ ವಸತಿ ಕಟ್ಟಡಗಳ ಬಳಿ ಇನ್ನೊಂದು ಲಾರಿ ಸಿಡಿಯಿತು. ಸತ್ತ ಅಮೆರಿಕದ ವಾಯುಪಡೆಯವರು ೧೯ ಮಂದಿ, ಗಾಯಗೊಂಡವರು ನೂರಾರು. ಅಲ್ಲಿಯೂ ಗಾಯಗಳಿಗೆ ಮುಖ್ಯ ಕಾರಣ ಹಾರಿದ ಗಾಜೇ ಆಗಿತ್ತು.

ಸ್ಫೋಟದಲ್ಲಿ ನಡೆಯುವುದಾದರೂ ಏನು? ಘನ ಅಥವಾ ದ್ರವರೂಪದ ವಸ್ತುವೊಂದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಕಾದ ಅನಿಲವಾಗಿ ಮಾರ್ಪಟ್ಟು, ಸುತ್ತಲಿನ ಗಾಳಿಯನ್ನು ಹೊರಕ್ಕೆ ದಬ್ಬುತ್ತದೆ. ದಬ್ಬಿಸಿಕೊಂಡ ಗಾಳಿ ತೆಳುವಾದ ಪದರವಾಗಿ ಒತ್ತರಿಸಿಕೊಂಡು, ಶಬ್ದಕ್ಕಿಂತಲೂ ವೇಗವಾಗಿ ಎಲ್ಲ ದಿಕ್ಕುಗಳಿಗೂ ಧಾವಿಸುತ್ತದೆ. ಈ ಅಲೆಯ ಮುಂಭಾಗ ಬಂದು ತಾಗಿದೊಡನೆ ಒತ್ತಡ ಒಮ್ಮೆಲೇ ಮೇಲಕ್ಕೆ ಜಿಗಿದು, ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿದು, ವಾಯುಮಂಡಲದ ಒತ್ತಡಕ್ಕಿಂತಲೂ ಸ್ವಲ್ಪ ಕೆಳಗೆ ಹೋಗಿ, ಬಳಿಕ ಸಮಸ್ಥಿತಿಗೆ ಬರುತ್ತದೆ. ಎಂದರೆ ಗೋಡೆಗೆ ಮೊದಲು ನೂಕು, ಆಮೇಲೆ ಸೆಳೆತ. ಅಲೆ ಗೋಡೆಗೆ ಅಪ್ಪಳಿಸಿ ಹಿಂದಿರುಗುವಾಗ ಗೋಡೆಯ ಮೇಲಿನ ಒತ್ತಡ ಅಲೆಯ ಸ್ವಂತ ಒತ್ತಡದ ಎರಡರಷ್ಟಾದರೂ ಆಗುತ್ತದೆ. ಅಲೆ ಪ್ರಬಲವಾಗಿದ್ದಲ್ಲಿ ಎಂಟರಷ್ಟು, ಇನ್ನೂ ಹೆಚ್ಚೂ ಆಗಬಹುದು.

ಒತ್ತಡದ ಅಂಕಿಗಳು ಸಣ್ಣವಾಗಿ ಕಾಣುತ್ತವೆಂದು ಮೋಸಹೋಗಬಾರದು. ಏಳು ಕಿಲೋಪಾಸ್ಕಲ್ ಎಂದರೆ ವಾಯುಮಂಡಲದ ಒತ್ತಡದ ಹದಿನಾಲ್ಕರಲ್ಲಿ ಒಂದು ಪಾಲು. ಸಾಧಾರಣ ಕಿಟಕಿಯ ಗಾಜು ಒಡೆಯಲು ಇಷ್ಟು ಸಾಕು. ಇದೇ ಒತ್ತಡ ಮೂರು ಮೀಟರು ಉದ್ದ, ಮೂರು ಮೀಟರು ಎತ್ತರದ ಗೋಡೆಯ ಮೇಲೆ ಬಿದ್ದರೆ ಒಟ್ಟು ಬಲ ೬೩,೦೦೦ ನ್ಯೂಟನ್; ಆರು ಟನ್ನಿಗೂ ಮೀರಿದ ಭಾರವನ್ನು ಗೋಡೆಗೆ ಅಡ್ಡಲಾಗಿ ಒರಗಿಸಿದಂತೆ. ಗೋಡೆಯನ್ನು ಕಟ್ಟುವವರು ಮೇಲಿನಿಂದ ಬರುವ ಭಾರವನ್ನು ಲೆಕ್ಕ ಹಾಕಿರುತ್ತಾರೆಯೇ ಹೊರತು ಪಕ್ಕದಿಂದ ಬರುವ ಇಂತಹ ಭಾರವನ್ನಲ್ಲ.

ಇದಕ್ಕೆ ಎಲ್ಲಕ್ಕಿಂತ ಉತ್ತಮವಾದ ರಕ್ಷಣೆ ದೂರ. ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಬರ್ಟ್ರಮ್ ಹಾಪ್ಕಿನ್‌ಸನ್ ಎಂಬ ವಿಜ್ಞಾನಿ ೧೯೧೫ರಲ್ಲಿ ಕಂಡುಕೊಟ್ಟ ನಿಯಮವೊಂದು ಇಂದಿಗೂ ಎಂಜಿನಿಯರುಗಳ ಕೈಗನ್ನಡಿಯಾಗಿದೆ. ದೂರವನ್ನು ಸ್ಫೋಟಕದ ತೂಕದ ಘನಮೂಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಒಂದೇ ಆಗಿದ್ದರೆ ಒತ್ತಡವೂ ಒಂದೇ. ಒಂದು ಕಿಲೋಗ್ರಾಂ ಸ್ಫೋಟಕ ಮೂರು ಮೀಟರು ದೂರದಲ್ಲಿ ಉಂಟುಮಾಡುವ ಒತ್ತಡವನ್ನೇ ಸಾವಿರ ಕಿಲೋಗ್ರಾಂ ಸ್ಫೋಟಕ ಮೂವತ್ತು ಮೀಟರು ದೂರದಲ್ಲಿ ಉಂಟುಮಾಡುತ್ತದೆ; ಆದರೆ ಎರಡನೆಯದರಲ್ಲಿ ಒತ್ತಡ ಹತ್ತರಷ್ಟು ಹೊತ್ತು ನಿಲ್ಲುತ್ತದೆ. ಮೂವತ್ತು ಮೀಟರು ಬಯಲು ಇದ್ದರೆ ಒಳ್ಳೆಯದೇ ಸರಿ. ಪೇಟೆಯ ನಡುವಿನ ಕಟ್ಟಡಕ್ಕೆ ಬಯಲನ್ನು ಎಲ್ಲಿಂದ ತರುವುದು? ಓಕ್ಲಹೋಮದ ಲಾರಿ ಕಟ್ಟಡದಿಂದ ಕೆಲವೇ ಮೀಟರುಗಳಷ್ಟು ದೂರದಲ್ಲಿತ್ತು.

ಹಾಗಾದರೆ ಗೋಡೆಯನ್ನೇ ಬಲಪಡಿಸಬೇಕು. ಎಷ್ಟು ಬಲಪಡಿಸಬೇಕೆಂಬುದನ್ನು ವಿದ್ಯಾರ್ಥಿಗಳೂ ತಕ್ಕಮಟ್ಟಿಗೆ ಲೆಕ್ಕ ಹಾಕಬಹುದು. ಗೋಡೆಯ ಮೇಲೆ ಬಿದ್ದ ಒತ್ತಡ ೨೦೦ ಕಿಲೋಪಾಸ್ಕಲ್‌ನಿಂದ ಆರಂಭವಾಗಿ ೧೦ ಮಿಲಿಸೆಕೆಂಡುಗಳಲ್ಲಿ ನೇರವಾಗಿ ಸೊನ್ನೆಗೆ ಇಳಿಯಿತೆಂದು ಇಟ್ಟುಕೊಳ್ಳಿರಿ. ಒತ್ತಡ ಮತ್ತು ಕಾಲಗಳ ನಕ್ಷೆಯಲ್ಲಿ ಇದೊಂದು ತ್ರಿಕೋಣ. ಅದರ ಕ್ಷೇತ್ರಫಲ ೧,೦೦೦ ಪಾಸ್ಕಲ್-ಸೆಕೆಂಡು. ಇದೇ ಗೋಡೆಯ ಪ್ರತಿ ಚದರ ಮೀಟರಿಗೆ ದೊರೆತ ಆವೇಗ. ಟೊಳ್ಳು ಬ್ಲಾಕಿನ ಗೋಡೆ ಚದರ ಮೀಟರಿಗೆ ಸುಮಾರು ೨೦೦ ಕಿಲೋಗ್ರಾಂ ತೂಗುತ್ತದೆ. ಅದನ್ನು ಹಿಡಿದಿಡುವುದು ಏನೂ ಇಲ್ಲದಿದ್ದರೆ ಅದರ ವೇಗ ಸೆಕೆಂಡಿಗೆ ೫ ಮೀಟರು. ಚಲನಶಕ್ತಿ ಪ್ರತಿ ಚದರ ಮೀಟರಿಗೆ ೨,೫೦೦ ಜೂಲ್. ಒಂದು ಸಿಮೆಂಟಿನ ಚೀಲವನ್ನು ಐದು ಮೀಟರು ಮೇಲಿನಿಂದ ಕೆಡವಿದರೆ ಎಷ್ಟು ಶಕ್ತಿಯೋ ಅಷ್ಟು. ಗೋಡೆಯ ಒಂದೊಂದು ಚದರ ಮೀಟರೂ ಹೀಗೆ ಒಂದೊಂದು ಚೀಲವಾಗಿ ಕೊಠಡಿಯೊಳಕ್ಕೆ ಬರುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಚದರ ಮೀಟರಿಗೆ ಸುಮಾರು ೪೦೦ ಕಿಲೋಗ್ರಾಂ ತೂಗುತ್ತದೆ. ಆವೇಗ ಅಷ್ಟೇ ಇರುವುದರಿಂದ ವೇಗ ಅರ್ಧವಾಗುತ್ತದೆ, ಚಲನಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ. ತೂಕವೇ ಒಂದು ರಕ್ಷಣೆ. ೨೦೨೦ನೆಯ ಇಸವಿ ಆಗಸ್ಟ್ ೪ರಂದು ಬೈರೂತ್ ಬಂದರಿನಲ್ಲಿ ಕೂಡಿಟ್ಟಿದ್ದ ೨,೭೫೦ ಟನ್ನು ಅಮೋನಿಯಂ ನೈಟ್ರೇಟ್ ಸಿಡಿದಾಗ, ಪಕ್ಕದಲ್ಲಿದ್ದ ಕಾಂಕ್ರೀಟಿನ ಬೃಹತ್ ಧಾನ್ಯ ಕಣಜಗಳು ತಾವು ಜರ್ಜರಿತವಾದರೂ ನಗರದ ಪಶ್ಚಿಮ ಭಾಗಕ್ಕೆ ಸ್ವಲ್ಪಮಟ್ಟಿಗೆ ಮರೆಯಾಗಿ ನಿಂತವು. ಆದರೆ ಈಗಾಗಲೇ ಕಟ್ಟಿದ ಕಚೇರಿಯ ಐದನೆಯ ಅಂತಸ್ತಿನ ಗೋಡೆಯನ್ನು ಎರಡಡಿ ದಪ್ಪ ಮಾಡಲು ಹೊರಟರೆ ಕೆಳಗಿನ ತೊಲೆಗಳು ಒಪ್ಪುವುದಿಲ್ಲ. ತೂಕ ಕೂಡಿಸದೆ ಬಲ ಕೂಡಿಸುವ ದಾರಿ ಬೇಕು.

ಗೋಡೆಯ ದೌರ್ಬಲ್ಯ ಎಲ್ಲಿದೆ? ಕಾಂಕ್ರೀಟು ಅದುಮುವ ಬಲವನ್ನು ಧಾರಾಳವಾಗಿ ತಾಳುತ್ತದೆ. ಎಳೆಯುವ ಬಲವನ್ನಾದರೋ ಅದರ ಹತ್ತನೆಯ ಒಂದು ಪಾಲಿನಷ್ಟೇ. ಇಟ್ಟಿಗೆಗಳ ನಡುವಿನ ಗಾರೆ ಇನ್ನೂ ದುರ್ಬಲ. ಹೊರಗಿನಿಂದ ನೂಕು ಬಿದ್ದಾಗ ಗೋಡೆ ಒಳಕ್ಕೆ ಬಾಗುತ್ತದೆ. ಹೊರಮೈ ಅದುಮಿಕೊಳ್ಳುತ್ತದೆ, ಒಳಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಸ್ಫೋಟ ತೀರ ಹತ್ತಿರವಾಗಿದ್ದರೆ ಬಾಗುವುದಕ್ಕೂ ಮೊದಲೇ ಬೇರೊಂದು ವಿಚಿತ್ರ ನಡೆಯುತ್ತದೆ. ಹೊರಮೈಗೆ ಬಿದ್ದ ಪೆಟ್ಟು ಅದುಮುವ ಅಲೆಯಾಗಿ ಕಾಂಕ್ರೀಟಿನೊಳಗೆ ಸೆಕೆಂಡಿಗೆ ಮೂರೂವರೆ ನಾಲ್ಕು ಸಾವಿರ ಮೀಟರು ವೇಗದಲ್ಲಿ ಸಾಗಿ, ಒಳಮೈಯನ್ನು ಮುಟ್ಟಿ, ಅಲ್ಲಿಂದ ಎಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಎಳೆತವನ್ನು ತಾಳಲಾರದ ಕಾಂಕ್ರೀಟು ಒಳಮೈಯಲ್ಲಿ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಗೋಡೆ ನಿಂತೇ ಇರಬಹುದು, ಹಿಂದೆ ಕುಳಿತವನಿಗೆ ಮಾತ್ರ ಚಕ್ಕೆಯ ಏಟು ತಪ್ಪದು. ಈ ಬಗೆಯ ಸಿಡಿತವನ್ನು ಉಕ್ಕಿನ ತಟ್ಟೆಗಳ ಮೇಲೆ ಪ್ರಯೋಗ ಮಾಡಿ ವಿವರಿಸಿದವರೂ ಹಾಪ್ಕಿನ್‌ಸನ್ನರೇ. ೧೯೧೮ರಲ್ಲಿ ತಾವೇ ನಡೆಸುತ್ತಿದ್ದ ವಿಮಾನ ಬಿದ್ದು ಅವರು ತೀರಿಕೊಂಡರು.

ಎರಡು ಬಗೆಯಲ್ಲಿಯೂ ಕೇಡು ತಲೆದೋರುವುದು ಒಳಮೈಯಲ್ಲಿ, ಎಳೆತದಿಂದ. ಆದುದರಿಂದ ಎಳೆತವನ್ನು ಚೆನ್ನಾಗಿ ತಾಳುವ ಒಂದು ಹೊದಿಕೆಯನ್ನು ಒಳಮೈಗೆ ಅಂಟಿಸಬೇಕೆಂಬುದು ಸಹಜವಾದ ಆಲೋಚನೆ. ಇಲ್ಲಿಗೆ ಸಂಯೋಜಿತ ವಸ್ತುಗಳ ಪ್ರವೇಶವಾಗುತ್ತದೆ. ಹೆಸರು ಹೊಸದಾದರೂ ತತ್ತ್ವ ಹಳೆಯದು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವವರು ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣು ಆಕಾರವನ್ನು ಹಿಡಿದಿಡುತ್ತದೆ, ಹುಲ್ಲು ಎಳೆತವನ್ನು ತಡೆಯುತ್ತದೆ. ಹುಲ್ಲಿನ ಬದಲು ಗಾಜಿನ ನಾರು, ಇಂಗಾಲದ ನಾರು ಅಥವಾ ೧೯೬೫ರಲ್ಲಿ ಅಮೆರಿಕದ ಸ್ಟೆಫನಿ ಕ್ವೊಲೆಕ್ ಎಂಬಾಕೆ ಕಂಡುಹಿಡಿದ ಕೆವ್ಲಾರ್ ನಾರು. ಮಣ್ಣಿನ ಬದಲು ಎಪಾಕ್ಸಿಯಂತಹ ರಾಳ. ಇಂಗಾಲದ ನಾರು ಸಾಧಾರಣ ಉಕ್ಕಿನ ಹಲವು ಪಟ್ಟು ಎಳೆತವನ್ನು ತಾಳುತ್ತದೆ, ತೂಕ ಮಾತ್ರ ಉಕ್ಕಿನ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಿಮೆ. ೧೯೯೧ರಲ್ಲಿ ಸ್ವಿಟ್ಜರ್ಲೆಂಡಿನ ಲುಸೆರ್ನ್ ಬಳಿಯ ಈಬಾಕ್ ಸೇತುವೆಯನ್ನು ಇದರ ಪಟ್ಟಿಗಳಿಂದ ದುರಸ್ತಿ ಮಾಡಿದಾಗ, ೧೭೫ ಕಿಲೋಗ್ರಾಂ ಉಕ್ಕು ಮಾಡಬೇಕಾಗಿದ್ದ ಕೆಲಸವನ್ನು ೬.೨ ಕಿಲೋಗ್ರಾಂ ಪಟ್ಟಿಗಳು ಮಾಡಿದವು.

ಇಷ್ಟು ಬಲವಾದ ವಸ್ತು ಕೈಯಲ್ಲಿರುವಾಗ ಸಮಸ್ಯೆ ಮುಗಿಯಿತೆಂದು ತೋರಬಹುದು. ಸೋಜಿಗವಿರುವುದೇ ಇಲ್ಲಿ. ಸ್ಫೋಟದ ಮುಂದೆ ಬೇಕಾದುದು ಬರಿಯ ಬಲವಲ್ಲ. ಚಲಿಸುತ್ತಿರುವ ಗೋಡೆಯ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯ. ಶಕ್ತಿಯೆಂದರೆ ಬಲ ಮತ್ತು ಚಲನೆಗಳ ಗುಣಲಬ್ಧ. ಇಂಗಾಲದ ನಾರಿಗೆ ಬಲವಿದೆ, ಚಲನೆಯಿಲ್ಲ. ನೂರಕ್ಕೆ ಒಂದೂವರೆ ಪಾಲು ಹಿಗ್ಗುವಷ್ಟರಲ್ಲಿ ಅದು ಪಟ್ಟೆಂದು ಹರಿದುಹೋಗುತ್ತದೆ. ೩,೫೦೦ ಮೆಗಾಪಾಸ್ಕಲ್ ಬಲದ ನಾರು ಹರಿಯುವವರೆಗೆ ಹೀರುವ ಶಕ್ತಿ ಘನ ಮೀಟರಿಗೆ ೨೬ ಮೆಗಾಜೂಲ್‌ನಷ್ಟು. ಅಂಟಿಸುವ ಹಾಳೆಯಲ್ಲಿ ನಾರಿನ ದಪ್ಪ ೦.೧೭ ಮಿಲಿಮೀಟರೆಂದು ಹಿಡಿದರೆ ಚದರ ಮೀಟರಿಗೆ ೪,೪೦೦ ಜೂಲ್. ನಮಗೆ ಬೇಕಾಗಿದ್ದುದು ೨,೫೦೦ ತಾನೆ? ಸಾಕಾಯಿತಲ್ಲ ಎನ್ನುವಂತಿಲ್ಲ. ನಾರು ಹರಿಯುವುದಕ್ಕೂ ಎಷ್ಟೋ ಮೊದಲೇ ಅಂಟು ಬಿಡುತ್ತದೆ. ಅಂಟು ಗಟ್ಟಿಯಾಗಿದ್ದರೆ ಕಾಂಕ್ರೀಟಿನ ತೊಗಟೆಯೇ ಸುಲಿದುಬರುತ್ತದೆ. ಹಿಗ್ಗಬೇಕಾದುದರ ಮೂರನೆಯ ಒಂದು ಪಾಲಿನಲ್ಲೇ ಹಾಳೆ ಕಿತ್ತುಬಂದರೆ ದೊರೆಯುವ ಶಕ್ತಿ ಒಂಬತ್ತರಲ್ಲಿ ಒಂದು ಪಾಲು, ಎಂದರೆ ಐದುನೂರು ಜೂಲ್ ಮಾತ್ರ.

೧೯೯೦ರ ದಶಕದ ಕೊನೆಯಲ್ಲಿ ಫ್ಲಾರಿಡದ ಟಿಂಡಲ್ ನೆಲೆಯಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರು ಬೇರೆ ಹಾದಿ ಹಿಡಿದರು. ಸಾಮಾನು ಸಾಗಿಸುವ ವಾಹನಗಳ ಹಿಂಭಾಗ ತರಚದಿರಲೆಂದು ಒಂದು ಬಗೆಯ ರಬ್ಬರಿನಂತಹ ಲೇಪವನ್ನು ಸಿಂಪಡಿಸುವ ವಾಡಿಕೆ ಅಲ್ಲಿ ಉಂಟು. ಆ ಜಾತಿಯ ಲೇಪಗಳನ್ನು ಮೊದಲು ಹಗುರವಾದ ತಾತ್ಕಾಲಿಕ ಕಟ್ಟಡಗಳಿಗೂ ಅನಂತರ ಟೊಳ್ಳು ಬ್ಲಾಕಿನ ಗೋಡೆಗಳಿಗೂ ಸಿಂಪಡಿಸಿ, ಎದುರಿಗೆ ನಿಜವಾದ ಸ್ಫೋಟಗಳನ್ನು ನಡೆಸಿ ಪರೀಕ್ಷಿಸಿದರು. ಹಲವು ವಸ್ತುಗಳಲ್ಲಿ ಪಾಲಿಯೂರಿಯ ಎಂಬುದು ಗೆದ್ದಿತು. ಬಲದಲ್ಲಿ ಅದು ಇಂಗಾಲದ ನಾರಿನ ನೂರನೆಯ ಒಂದು ಪಾಲೂ ಇಲ್ಲ. ಆದರೆ ತನ್ನ ಉದ್ದದ ಎರಡು ಮೂರು ಪಟ್ಟು ಹಿಗ್ಗಬಲ್ಲುದು. ಸರಾಸರಿ ೧೫ ಮೆಗಾಪಾಸ್ಕಲ್ ಬಲದಿಂದ ಉದ್ದದ ಎರಡರಷ್ಟು ಹಿಗ್ಗಿತೆಂದರೆ ಘನ ಮೀಟರಿಗೆ ೩೦ ಮೆಗಾಜೂಲ್; ಐದು ಮಿಲಿಮೀಟರು ದಪ್ಪದ ಲೇಪದಲ್ಲಿ ಚದರ ಮೀಟರಿಗೆ ಒಂದೂವರೆ ಲಕ್ಷ ಜೂಲ್. ಲೇಪವೆಲ್ಲ ಸಮನಾಗಿ ಹಿಗ್ಗುವುದಿಲ್ಲ, ಬಿರುಕುಗಳ ಬಳಿ ಮಾತ್ರ ಹಿಗ್ಗುತ್ತದೆ, ನಿಜ. ಹತ್ತರಲ್ಲಿ ಒಂದು ಪಾಲು ದುಡಿದರೂ ೧೫,೦೦೦ ಜೂಲ್. ನಮ್ಮ ಸಿಮೆಂಟಿನ ಚೀಲಗಳನ್ನು ಹಿಡಿದು ನಿಲ್ಲಿಸಲು ಸಾಕು. ಇವು ಸ್ಥೂಲವಾದ ಲೆಕ್ಕಗಳೆಂಬುದನ್ನು ಮರೆಯಬಾರದು. ಆದರೂ ಪರೀಕ್ಷೆಗಳಲ್ಲಿ ಕಂಡದ್ದು ಇದನ್ನೇ. ಲೇಪವಿಲ್ಲದ ಗೋಡೆ ತುಂಡುತುಂಡಾಗಿ ಕೊಠಡಿಯೊಳಗೆ ಹರಡಿತು. ಲೇಪವಿದ್ದ ಗೋಡೆಯ ಬ್ಲಾಕುಗಳೂ ಬಿರಿದವು, ಗೋಡೆ ಹೊಟ್ಟೆಬಿಟ್ಟು ಒಳಕ್ಕೆ ಉಬ್ಬಿತು. ಚೂರುಗಳು ಮಾತ್ರ ಚೀಲದಲ್ಲಿ ತುಂಬಿಟ್ಟಂತೆ ಲೇಪದ ಹಿಂದೆಯೇ ಉಳಿದವು.

ಆ ಗೋಡೆಯನ್ನು ಆಮೇಲೆ ಕೆಡವಲೇಬೇಕು. ಕೆಲವರು ಇದನ್ನು ‘ಬಾಂಬು ತಡೆಯುವ ಬಣ್ಣ’ವೆಂದು ಕರೆಯುವುದುಂಟು, ಅದು ಶುದ್ಧ ತಪ್ಪು. ಗೋಡೆ ಉಳಿಯುವುದಿಲ್ಲ, ಅದರ ಹಿಂದಿನ ಮನುಷ್ಯ ಉಳಿಯುತ್ತಾನೆ.

ವಾಚಕರು ಮನೆಯಲ್ಲಿಯೇ ಇದರ ಸಣ್ಣ ಪ್ರಯೋಗ ಮಾಡಿ ನೋಡಬಹುದು. ಎರಡು ಪುಸ್ತಕಗಳ ನಡುವೆ ಒಂದು ಬಿಸ್ಕತ್ತನ್ನು ಸೇತುವೆಯಂತೆ ಇಟ್ಟು ನಡುವೆ ಬೆರಳಿನಿಂದ ಒತ್ತಿರಿ. ಅದು ಎರಡು ಹೋಳಾಗಿ ಬೀಳುತ್ತದೆ. ಇನ್ನೊಂದರ ಕೆಳಮೈಗೆ ಅಂಟುಪಟ್ಟಿ ಹಚ್ಚಿ ಒತ್ತಿದರೆ ಹೆಚ್ಚು ಬಲ ಬೇಕಾಗುತ್ತದೆ; ಬಿರಿದ ಮೇಲೂ ಹೋಳುಗಳು ಬೀಳುವುದಿಲ್ಲ. ಪಟ್ಟಿಯನ್ನು ಮೇಲ್ಮೈಗೆ ಹಚ್ಚಿದರೆ? ಬಿಸ್ಕತ್ತು ಮೊದಲಿನಷ್ಟೇ ಸುಲಭವಾಗಿ ಮುರಿದು, ಬಾಗಿಲಿನ ತಿರುಗಣಿಯಂತೆ ಮಡಚಿಕೊಳ್ಳುತ್ತದೆ. ಯಾವ ಮೈಗೆ ಹಚ್ಚಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೂಕಿನ ಬೆನ್ನಿಗೆ ಸೆಳೆತವೂ ಇರುವುದರಿಂದ ಮುಖ್ಯವಾದ ಗೋಡೆಗಳಿಗೆ ಎರಡೂ ಮೈಗೆ ಹಚ್ಚುವುದುಂಟು.

ಲೇಪ ಗೋಡೆಯನ್ನು ಹಿಡಿದಿಟ್ಟರೆ ಲೇಪವನ್ನು ಹಿಡಿದಿಡುವವರು ಯಾರು? ಅದನ್ನು ನೆಲ, ಚಾವಣಿ ಮತ್ತು ಪಕ್ಕದ ಕಂಬಗಳ ಮೇಲಕ್ಕೂ ಒಂದಿಷ್ಟು ಮುಂದುವರಿಸಬೇಕು. ನಾರಿನ ಹಾಳೆಯಾದರೆ ಉಕ್ಕಿನ ಪಟ್ಟಿಯಿಟ್ಟು ಬೋಲ್ಟು ಬಿಗಿಯಬೇಕು. ಅಂಚು ಸಡಿಲವಾಗಿದ್ದರೆ ಇಡೀ ಗೋಡೆ ಬಾಗಿಲಿನ ಪರದೆಯಂತೆ ಒಳಕ್ಕೆ ಬಂದೀತು. ಅಲ್ಲದೆ, ಗೋಡೆ ಬೇಗ ಒಡೆದರೆ ಹೊಡೆತ ಅಲ್ಲಿಗೆ ಮುಗಿಯುತ್ತದೆ. ಒಡೆಯದೆ ಹಿಡಿದುಕೊಂಡರೆ ಅಷ್ಟೂ ಬಲ ಕಂಬ ತೊಲೆಗಳಿಗೆ ವರ್ಗವಾಗುತ್ತದೆ. ಕಂಬ ದುರ್ಬಲವಾಗಿರುವ ಕಟ್ಟಡದಲ್ಲಿ ಗೋಡೆಯೊಂದನ್ನೇ ಬಲಪಡಿಸುವುದು ಬುದ್ಧಿವಂತಿಕೆಯಲ್ಲವೆಂದು ನಮ್ಮ ಅಭಿಪ್ರಾಯ. ಓಕ್ಲಹೋಮದಲ್ಲಿ ಹೆಚ್ಚಿನ ಪ್ರಾಣಗಳನ್ನು ತೆಗೆದುದು ಕಂಬಗಳ ಸೋಲೇ ಎಂಬುದನ್ನು ಮೊದಲೇ ಹೇಳಿದ್ದೇವೆ.

ಕಂಬಕ್ಕೂ ಈ ವಸ್ತುಗಳೇ ನೆರವಾಗುತ್ತವೆ, ಆದರೆ ಬೇರೆ ರೀತಿಯಲ್ಲಿ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸಿ ಮರದ ತುಂಡುಗಳನ್ನು ಬಿಗಿಯುವಂತೆ, ರಾಳದಲ್ಲಿ ಅದ್ದಿದ ನಾರಿನ ಬಟ್ಟೆಯನ್ನು ಕಂಬದ ಸುತ್ತ ಸುತ್ತುತ್ತಾರೆ. ಒಳಗಿನ ಕಾಂಕ್ರೀಟು ಬಿರಿದರೂ ಪಕ್ಕಕ್ಕೆ ಚದುರಲು ಎಡೆಯಿಲ್ಲದೆ ಭಾರವನ್ನು ಹೊತ್ತೇ ಇರುತ್ತದೆ. ಇಲ್ಲಿ ಹೆಚ್ಚು ಹಿಗ್ಗದ ನಾರೇ ಉತ್ತಮ. ಗೋಡೆಗೆ ಬಗ್ಗುವ ಗುಣ, ಕಂಬಕ್ಕೆ ಬಿಗಿಯುವ ಗುಣ.

ಇವೆರಡರ ಬೆಲೆ ೨೦೦೧ನೆಯ ಇಸವಿ ಸೆಪ್ಟೆಂಬರ್ ೧೧ರಂದು ವಾಷಿಂಗ್ಟನ್ನಿನ ಬಳಿಯ ಪೆಂಟಗನ್ ಕಟ್ಟಡದಲ್ಲಿ ಕಂಡುಬಂದಿತು. ಅಪಹೃತ ವಿಮಾನ ಅಪ್ಪಳಿಸಿದ ಭಾಗವು ಆಗತಾನೇ ನವೀಕರಣಗೊಂಡಿತ್ತು. ಕಿಟಕಿಗಳ ಅಕ್ಕಪಕ್ಕ ಉಕ್ಕಿನ ಕೊಳವೆಗಳನ್ನು ನಿಲ್ಲಿಸಿ, ದಪ್ಪ ಗಾಜು ಕೂಡಿಸಿ, ಇಟ್ಟಿಗೆಯ ಚೂರುಗಳು ಹಾರದಂತೆ ಕೊಳವೆಗಳ ನಡುವೆ ಗಟ್ಟಿಯಾದ ಕೃತಕ ನಾರಿನ ಬಟ್ಟೆಯನ್ನು ಬಿಗಿದಿದ್ದರು. ೧೯೪೦ರ ದಶಕದಲ್ಲಿ ಕಟ್ಟಿದ ಅಲ್ಲಿನ ಕಂಬಗಳೊಳಗೆ ಉಕ್ಕಿನ ಸರಳು ಸುರುಳಿಯಾಗಿ ಸುತ್ತಿಕೊಂಡಿತ್ತು. ವಿಮಾನದ ಡಿಕ್ಕಿಯನ್ನು ಸ್ಫೋಟವೆಂದೇ ಕರೆಯಲಾಗದು. ಆದರೂ ಡಿಕ್ಕಿಯ ಮೇಲ್ಗಡೆಯ ಅಂತಸ್ತುಗಳು ಒಡನೆಯೇ ಬೀಳದೆ ಸುಮಾರು ಅರ್ಧ ಗಂಟೆ ನಿಂತಿದ್ದವು. ಆ ಅವಧಿಯಲ್ಲಿ ಅನೇಕರು ಹೊರಬಂದು ಬದುಕಿಕೊಂಡರು.

ಈ ವಿದ್ಯೆಗೆ ದೋಷಗಳಿಲ್ಲದಿಲ್ಲ. ನಾರು ಅಂಟಿಸುವ ಸಾಧಾರಣ ಎಪಾಕ್ಸಿ ೬೦–೮೦ ಡಿಗ್ರಿ ಸೆಂಟಿಗ್ರೇಡಿಗೇ ಮೆತ್ತಗಾಗುತ್ತದೆ. ಸ್ಫೋಟದ ಬೆನ್ನಿಗೆ ಬೆಂಕಿ ಬರುವುದು ಸಾಮಾನ್ಯ. ಲೇಪವೂ ಉರಿದು ಹೊಗೆಯಾಡುತ್ತದೆ. ತೇವವುಂಡ ಗೋಡೆಗೆ ಅಂಟು ಹಿಡಿಯದು. ನಮ್ಮ ಮಲೆನಾಡಿನಂತಹ ಕಡೆ ಇದು ಅಲ್ಪ ತೊಡಕಲ್ಲ. ಬೆಲೆಯೂ ಹೆಚ್ಚು. ಆದುದರಿಂದ ಎಲ್ಲರ ಮನೆಗೂ ಇದು ಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಸ್ಫೋಟವೆಂದರೆ ದ್ವೇಷದ ಬಾಂಬು ಮಾತ್ರವೇ ಅಲ್ಲ. ೧೯೪೪ನೆಯ ಇಸವಿ ಏಪ್ರಿಲ್ ೧೪ರಂದು ಮುಂಬಯಿಯ ವಿಕ್ಟೋರಿಯ ಡಾಕ್‌ನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಟ್ಟಿಗೆ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಬೆಂಕಿ ಬಿದ್ದು ಸಿಡಿದಾಗ ನೂರಾರು ಜನ ಪ್ರಾಣ ಕಳೆದುಕೊಂಡರು. ಪಟಾಕಿಯ ಉಗ್ರಾಣ, ರಾಸಾಯನಿಕ ಕಾರ್ಖಾನೆಯ ನಿಯಂತ್ರಣ ಕೊಠಡಿ, ಅನಿಲ ತುಂಬುವ ಠಾಣ್ಯ, ಇವುಗಳ ಪಕ್ಕದಲ್ಲಿಯೂ ಜನ ಗೋಡೆಗಳ ಹಿಂದೆಯೇ ಕುಳಿತು ದುಡಿಯುತ್ತಾರೆ. ಸ್ಫೋಟವನ್ನು ತಾಳುವ ಕಟ್ಟಡಗಳ ವಿನ್ಯಾಸಕ್ಕೆ ಭಾರತೀಯ ಮಾನಕ ಸಂಸ್ಥೆ ೧೯೬೮ರಷ್ಟು ಹಿಂದೆಯೇ ನಿಯಮಾವಳಿಯೊಂದನ್ನು ಪ್ರಕಟಿಸಿತ್ತು.

ಗೋಡೆಯ ಮಾತಾಡಿ ಕಿಟಕಿಯನ್ನು ಬಿಟ್ಟರೆ ಲೇಖನ ಅರೆಯಾಗುತ್ತದೆ; ಗೋಡೆಗಿಂತ ಮೊದಲು ಒಡೆಯುವುದು ಅದೇ. ಅಲ್ಲಿಯೂ ಉಪಾಯ ಇದೇ: ಎರಡು ಗಾಜ��ಗಳ ನಡುವೆ ಹಿಗ್ಗುವ ಪ್ಲಾಸ್ಟಿಕ್ ಹಾಳೆಯಿಟ್ಟು ಬೆಸೆಯುವುದು, ಅಥವಾ ಇರುವ ಗಾಜಿನ ಒಳಮೈಗೆ ಪಾರದರ್ಶಕ ಹಾಳೆ ಅಂಟಿಸುವುದು. ಗಾಜು ಬಿರಿದರೂ ಚೂರುಗಳು ಹಾಳೆಗೆ ಅಂಟಿಕೊಂಡಿರುತ್ತವೆ. ಕಾಸಿಲ್ಲದ ಉಪಾಯವೊಂದೂ ಇದೆ. ಬೆಳಕು ತತ್‌ಕ್ಷಣ ಬರುತ್ತದೆ. ಅಲೆ ಒಂದು ಕಿಲೋಮೀಟರು ಕ್ರಮಿಸಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ೧೯೧೭ನೆಯ ಇಸವಿ ಡಿಸೆಂಬರ್ ೬ರಂದು ಕೆನಡದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಉರಿಯುತ್ತಿದ್ದ ಹಡಗನ್ನು ನೋಡಲು ಕಿಟಕಿಗಳ ಬಳಿ ನಿಂತಿದ್ದ ನೂರಾರು ಜನ, ಹಡಗು ಸಿಡಿದಾಗ ಗಾಜಿನ ಚೂರುಗಳಿಂದ ಕಣ್ಣಿಗೆ ಗಾಯ ಮಾಡಿಕೊಂಡರು. ೨೦೧೩ರ ಫೆಬ್ರುವರಿ ೧೫ರಂದು ರಷ್ಯದ ಚೆಲ್ಯಾಬಿನ್‌ಸ್ಕ್ ನಗರದ ಮೇಲೆ ಉಲ್ಕೆಯೊಂದು ಸಿಡಿದಾಗಲೂ ಜನ ಬೆಳಕನ್ನು ಕಂಡು ಕಿಟಕಿಗಳಿಗೆ ಧಾವಿಸಿದರು; ಅಲೆ ಬಂದದ್ದು ಒಂದೆರಡು ನಿಮಿಷಗಳ ಅನಂತರ. ಸುಮಾರು ೧,೫೦೦ ಮಂದಿ ಗಾಯಗೊಂಡರು, ಹೆಚ್ಚಿನವರು ಗಾಜಿನಿಂದ. ಅಲ್ಲಿನ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಉಪಾಧ್ಯಾಯಿನಿಯೊಬ್ಬರು ಬೆಳಕು ಕಂಡೊಡನೆ ತಮ್ಮ ೪೪ ಮಕ್ಕಳಿಗೂ ಮೇಜುಗಳ ಕೆಳಗೆ ಅಡಗಲು ಆಜ್ಞಾಪಿಸಿದರು. ಮಕ್ಕಳಲ್ಲಿ ಒಬ್ಬರಿಗೂ ಗಾಜು ತಾಗಲಿಲ್ಲ. ನಿಂತೇ ಇದ್ದ ಆಕೆಯ ತೋಳಿನ ಸ್ನಾಯುರಜ್ಜು ಕತ್ತರಿಸಿಹೋಯಿತು.